ಕಣ್ಣು ಮುಚ್ಚಿ ಆರಿಸಿದ ಕೋವಿ

ಯಾರ್ಕ್‌ಷೈರಿನ ಈ ಗುಡ್ಡದ ಮೇಲೆ ಬೆಳಗಿನ ಒಂಬತ್ತಾದರೂ ಮಂಜು ಕರಗಿಲ್ಲ. ಕಲ್ಲುಬೇಲಿಯ ಆಚೆ ಕುರಿಗಳು, ಈಚೆ ಕಾಲು ಹೂತುಹೋಗುವ ಕೆಸರು. ಕೆಳಗಿನ ಕಣಿವೆಯಿಂದ ಈಡಿನ ಸದ್ದು: ಢಂ, ಅರೆ ಉಸಿರು, ಮತ್ತೆ ಢಂ. ಕುರಿಗಳು ಮೇಯುವುದು ಬಿಟ್ಟು ತಲೆ ಎತ್ತುವುದೂ ಇಲ್ಲ.

ಸೆಪ್ಟೆಂಬರ್ 3ಕ್ಕೆ ಕೊಡಗಿನ ನಮ್ಮ ಊರಲ್ಲಿ ಆಯುಧ ಪೂಜಿಸುವ ಹಬ್ಬ ಕೈಲ್‌ಪೊಳ್ದ್ ಮುಗಿದಿದೆ. ಅಣ್ಣ ಕಳಿಸಿದ ಫೋಟೊ ಇನ್ನೂ ಫೋನಿನಲ್ಲಿದೆ: ಪೂಜೆಯ ಕೋಣೆ ಕನ್ನಿಕೊಂಬರೆಯಲ್ಲಿ ಅಜ್ಜನ ಜೋಡು ನಳಿಗೆ ಕೋವಿ, ಅದರ ಬಾಯಿಗೆ ಸಿಕ್ಕಿಸಿದ ಕೋವಿಹೂ ತೋಕ್‌ಪೂ, ಬೆಂಕಿಯ ನಾಲಗೆಯಂಥ ಕೆಂಪು ಹಳದಿ ಎಸಳು. ನಾನು ಹುಟ್ಟಿದ ದಿನ ಅಜ್ಜ ಆಕಾಶಕ್ಕೆ ಒಂದು ಈಡು ಹಾರಿಸಿದ್ದು ಅದೇ ಕೋವಿಯಿಂದಂತೆ. ಕೊಡವರಿಗೆ ಕೋವಿ ಇಟ್ಟುಕೊಳ್ಳಲು ಲೈಸೆನ್ಸ್ ಬೇಡ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಮೇಲೆ ನಮ್ಮ ಮನೆಯ ಕೋವಿ ಗುರಿಯಿಟ್ಟದ್ದು ತೆಂಗಿನಕಾಯಿಗೆ ಮಾತ್ರ. ಇಲ್ಲಿ ತದ್ವಿರುದ್ಧ. ಅಕ್ಟೋಬರ್ 1ರಿಂದ ಫೆಬ್ರವರಿ 1ರವರೆಗೆ ಫೆಸೆಂಟ್ ಹಕ್ಕಿಯ ಬೇಟೆಗೆ ಕಾನೂನೇ ಬಾಗಿಲು ತೆರೆಯುತ್ತದೆ. ಕೋವಿ ಕೊಳ್ಳಲು ಮಾತ್ರ ಪೊಲೀಸರ ಸರ್ಟಿಫಿಕೇಟ್ ಬೇಕು. ಪೊಲೀಸರು ಮನೆಗೆ ಬಂದು, ಕೋವಿ ಇಡುವ ಬೀಗದ ಬೀರುವನ್ನು ಅಲುಗಾಡಿಸಿ ನೋಡಿ ಹೋದಮೇಲೆ ಸಿಕ್ಕ ಆ ಕಾಗದ ನನ್ನ ಜೇಬಿನಲ್ಲಿದೆ.

ಶೂಟಿಂಗ್ ಮೈದಾನದ ಅಂಚಿನಲ್ಲೇ ಅಂಗಡಿ. ಒಳಗೆ ಎಣ್ಣೆಯ, ಒದ್ದೆ ನಾಯಿಯ, ಕಾಫಿಯ ವಾಸನೆ. ಎಪ್ಪತ್ತು ದಾಟಿದ ಯಜಮಾನರೇ ಇಲ್ಲಿಯ ಗುರುವೂ ಹೌದು.

"ಯಾವುದಕ್ಕೆ ಬೇಕು?"

"ವರ್ಷವಿಡೀ ಹಾರುವ ಕ್ಲೇ ಬಿಲ್ಲೆ ಹೊಡೆಯುವುದಕ್ಕೆ. ಚಳಿಗಾಲದಲ್ಲಿ ನಾಲ್ಕು ದಿನ ಫೆಸೆಂಟ್."

ಅವರು ಮೀಸೆಯಲ್ಲೇ ನಕ್ಕರು. ಗದ್ದೆಗೂ ಮದುವೆಗೂ ಒಂದೇ ಜೋಡು ಕೇಳಿದ ಗಿರಾಕಿ ನಾನು.

ಗೋಡೆಯುದ್ದಕ್ಕೂ ನಿಂತ ಕೋವಿಗಳೆಲ್ಲ ಮೇಲೊಂದು ಕೆಳಗೊಂದು ನಳಿಗೆಯವು. ಅಜ್ಜನ ಕೋವಿಯ ನಳಿಗೆಗಳು ಅಕ್ಕಪಕ್ಕ ಮಲಗಿದ ಅಣ್ಣತಮ್ಮಂದಿರು. ಇವು ಮಹಡಿ ಮೇಲೆ ಮಹಡಿ. ಅಕ್ಕಪಕ್ಕದ ನಳಿಗೆ ಕಣ್ಣಿನ ಮುಂದೆ ಅಗಲವಾಗಿ ಹರಡಿಕೊಳ್ಳುತ್ತದೆ. ಇಲ್ಲಿ ಕಾಣುವುದು ಕಿರಿದಾದ ಒಂದೇ ಪಟ್ಟಿ, ಹಾರುವ ಗುರಿಯ ಕಡೆಗೆ ಬೊಟ್ಟು ಮಾಡಿದ ಹಾಗೆ. ಕೋವಿ ವಿನ್ಯಾಸಕ ಜಾನ್ ಬ್ರೌನಿಂಗ್ 1926ರಲ್ಲಿ ಬೆಲ್ಜಿಯಂನ ಕಾರ್ಖಾನೆಯಲ್ಲೇ ಕೊನೆಯುಸಿರೆಳೆಯುವ ಮೊದಲು ರೂಪಿಸಿದ ಕೊನೆಯ ಕೋವಿಗಳಲ್ಲೊಂದು ಇಂಥದೇ. ಅದರ ಉಳಿದ ಕೆಲಸವನ್ನು ಮಗ ಮುಗಿಸಿದ.

ನನ್ನ ಕಣ್ಣು ನೇರ ಹೋಗಿ ನಿಂತದ್ದು ಬೆಳ್ಳಿ ಬಣ್ಣದ ಪಕ್ಕೆಯ ಮೇಲೆ ಹಕ್ಕಿ ಕೆತ್ತಿದ ಒಂದರ ಮೇಲೆ. ಜೇನಿನ ಬಣ್ಣದ ವಾಲ್‌ನಟ್ ಮರ. ಯಜಮಾನರು ಅದನ್ನು ಕೀಲಿನಲ್ಲಿ ಮುರಿದು ತೆರೆದು, ಎರಡೂ ಗೂಡು ಖಾಲಿ ಎಂದು ತಾವು ನೋಡಿ, ನನಗೂ ತೋರಿಸಿ, ಆಮೇಲೆ ಕೈಗಿತ್ತರು.

"ಬೆಲೆ ಆಮೇಲೆ. ಎದುರು ಗೋಡೆಯ ಆ ಮೊಳೆ ನೋಡಿ. ಕಣ್ಣು ಮುಚ್ಚಿ. ಕೋವಿ ಎತ್ತಿ ಕೆನ್ನೆಗೆ ತಂದುಕೊಳ್ಳಿ. ಈಗ ಕಣ್ಣು ತೆರೆಯಿರಿ."

ತೆರೆದರೆ ಮೊಳೆಯೂ ಇಲ್ಲ, ಪಟ್ಟಿಯೂ ಇಲ್ಲ. ಹಿಂಭಾಗದ ಉಕ್ಕಿನ ಗುಡ್ಡವೇ ಕಣ್ಣಿಗೆ ಅಡ್ಡ ಬಂದಿದೆ. ಕೆನ್ನೆ ಕೂರುವ ಮರದ ಅಂಚು ನನಗೆ ತಗ್ಗು. ಸಾಲದ್ದಕ್ಕೆ ಎತ್ತುವಾಗ ಹಿಂತುದಿ ಕಂಕುಳ ಬಟ್ಟೆಗೆ ಸಿಕ್ಕಿಕೊಂಡಿತ್ತು. ಉದ್ದನೆಯ ತೋಳಿನವರಿಗೆ ಮಾಡಿದ್ದು.

"ಶಾಟ್‌ಗನ್‌ಗೆ ಹಿಂದಿನ ಸೈಟ್ ಎಲ್ಲಿದೆ ಹೇಳಿ?"

ಹುಡುಕಿದೆ. ಮುಂದೆ ಒಂದು ಮಣಿ ಬಿಟ್ಟರೆ ಏನೂ ಇಲ್ಲ.

"ನಿಮ್ಮ ಕಣ್ಣೇ ಹಿಂದಿನ ಸೈಟ್. ಅದು ಪ್ರತಿಸಲ ಒಂದೇ ಜಾಗಕ್ಕೆ ಬಂದು ಕೂರದಿದ್ದರೆ, ಕೆತ್ತನೆಯ ಹಕ್ಕಿಯೊಂದೇ ನಿಮಗೆ ಸಿಗುವ ಹಕ್ಕಿ."

ಎರಡನೆಯದು 32 ಇಂಚಿನ ನಳಿಗೆಯ, ನಾಲ್ಕು ಕಿಲೋ ಹತ್ತಿರದ ಸ್ಪರ್ಧೆಯ ಕೋವಿ. ಬೀಸಿದರೆ ತೇರು ಹೊರಟ ಹಾಗೆ, ನಡುವೆ ನಿಲ್ಲುವ ಮಾತೇ ಇಲ್ಲ. ನಿಂತಲ್ಲೇ ನಿಂತು ಬಿಲ್ಲೆ ಹೊಡೆಯುವವನಿಗೆ ಆ ಭಾರವೇ ವರ: ಒದೆತವನ್ನು ನುಂಗುತ್ತದೆ. ಆದರೆ ಮುರಿದ ಕೋವಿಯನ್ನು ಮೊಣಕೈಗೆ ನೇತುಹಾಕಿ ಅಂಗಡಿಯಲ್ಲಿ ಎರಡು ಸುತ್ತು ಹಾಕುವಷ್ಟರಲ್ಲೇ ತೋಳು ದೂರು ಹೇಳಿತು. ಬೇಟೆಯ ದಿನ ಕೆಸರಿನಲ್ಲಿ ಇದನ್ನು ಹೊತ್ತು ತಿರುಗುವುದುಂಟೆ!

ಮೂರನೆಯದು 20 ಬೋರಿನದು, ಕೊಳಲಿನಂತೆ ಹಗುರ. ಮನಸ್ಸು ಅಲ್ಲೇ ಜಾರಿತು. ಯಜಮಾನರು ಮೇಜಿನ ಮೇಲೆ ಒಂದು ಹಳದಿ ತೋಟೆ ಇಟ್ಟರು. 20 ಬೋರಿನ ತೋಟೆಗೆ ಹಳದಿ ಬಣ್ಣ ಯಾಕೆಂದರೆ, ಅದು ತಪ್ಪಿ 12 ಬೋರಿನೊಳಗೆ ಬಿದ್ದರೆ ಜಾರಿ ಮುಂದೆ ಹೋಗಿ ಸಿಕ್ಕಿಕೊಳ್ಳುತ್ತದೆ. ಹಿಂದಿನ ಗೂಡು ಖಾಲಿ ಕಾಣುತ್ತದೆ. ಅದರ ಹಿಂದೆ 12ರ ತೋಟೆ ತುಂಬಿ ಹೊಡೆದವನ ನಳಿಗೆ ಅವನ ಎಡಗೈ ಇರುವಲ್ಲೇ ಸಿಡಿಯುತ್ತದೆ. ಒಂದೇ ಮನೆಯಲ್ಲಿ ಎರಡೂ ಬೋರು ಇಟ್ಟುಕೊಳ್ಳುವವರು ಜೇಬು ಬೆರೆಸಬಾರದು. ಆದರೆ ನಾನು ಈ ಕೋವಿಯನ್ನು ಬಿಟ್ಟದ್ದು ಅದಕ್ಕೆ ಹೆದರಿ ಅಲ್ಲ. ಹಗುರ ಕೋವಿ ಬೇಗ ಏಳುತ್ತದೆ, ಅಷ್ಟೇ ಬೇಗ ನಿಂತೂ ಬಿಡುತ್ತದೆ. ಅದು ನಿಂತ ಕ್ಷಣಕ್ಕೆ ಬಿಲ್ಲೆ ಮುಂದೆ ಹೋಗಿರುತ್ತದೆ.

ನಾಲ್ಕನೆಯದು ಮೂಲೆಯಲ್ಲಿತ್ತು. ಸೆಕೆಂಡ್ ಹ್ಯಾಂಡ್, 12 ಬೋರ್, 30 ಇಂಚು, ಮೂರೂವರೆ ಕಿಲೋಗೆ ತುಸು ಕಡಿಮೆ. ಕೆತ್ತನೆಯಿಲ್ಲದ ಕಪ್ಪು ಉಕ್ಕು, ಯಾರದೋ ಕೆನ್ನೆ ತಾಗಿ ತಾಗಿ ನುಣುಪಾದ ಮರ. ಮೊಳೆ ನೋಡಿದೆ, ಕಣ್ಣು ಮುಚ್ಚಿದೆ, ಎತ್ತಿದೆ, ತೆರೆದೆ.

ಮಣಿಯ ಮೇಲೆ ಮೊಳೆ ಕೂತಿತ್ತು.

"ಇನ್ನೊಮ್ಮೆ." ಮತ್ತೆ ಅಲ್ಲೇ.

ಈಗ ಕೋವಿಯ ಪರೀಕ್ಷೆ. ಕೋವಿ ತೆರೆಯುವ ಮೇಲಿನ ಸನ್ನೆ, ಮುಚ್ಚಿದಾಗ, ನಡುಗೆರೆಗಿಂತ ಬಲಕ್ಕೆ ನಿಂತಿತ್ತು. ಸವೆದಂತೆಲ್ಲ ಅದು ಎಡಕ್ಕೆ ಸರಿಯುತ್ತದೆ. ಮುಂಗೈ ಹಿಡಿಯುವ ಮರವನ್ನು ಕಳಚಿ, ಕೋವಿಯನ್ನು ಮುಚ್ಚಿ ಅಲುಗಿಸಿದರು, ಲಟಪಟ ಸದ್ದಿಲ್ಲ. ನಳಿಗೆಯನ್ನು ಕಿಟಕಿಗೆ ಹಿಡಿದು ಇಣುಕಿದೆ: ಒಳಗೆ ಬೆಳಕಿನ ಉಂಗುರಗಳು, ಎಲ್ಲೂ ಮುರಿಯದೆ. ಕೊನೆಗೆ ಅವರು ಭೂತಗನ್ನಡಿ ಕೊಟ್ಟು, ನಳಿಗೆಯ ಬುಡಕ್ಕೆ ಬೆರಳಿಟ್ಟರು. ಅಲ್ಲಿ ಎಳ್ಳುಕಾಳಿನಷ್ಟು ಒಂದು ಹೂವು, ಮೂರೆಸಳಿನ ಲಿಲಿ.

"ಸ್ಟೀಲ್ ಚರೆಯ ಪ್ರೂಫ್ ಮುದ್ರೆ. ಇದಿಲ್ಲದ್ದನ್ನು ಈಗ ಕೊಳ್ಳುವಾಗ ಎರಡು ಸಲ ಯೋಚಿಸಿ."

ಸೀಸದ ಚರೆಯ ಕಾಲ ಇಲ್ಲಿ ಮುಗಿಯುತ್ತ ಬಂದಿದೆ. ಇಂಗ್ಲೆಂಡಿನಲ್ಲಿ ಬಾತುಕೋಳಿಗೆ ಸೀಸ ಹೊಡೆಯುವುದು 1999ರಿಂದಲೇ ನಿಷಿದ್ಧ. ಸ್ಟೀಲ್ ಗಟ್ಟಿ, ಸೀಸದಂತೆ ಮೆತ್ತಗೆ ಬಗ್ಗಿ ದಾರಿ ಮಾಡಿಕೊಳ್ಳುವುದಿಲ್ಲ. ಹಾಗಾಗಿ ನಳಿಗೆಯ ತುದಿಯನ್ನು ಕಿರಿದಾಗಿಸುವ ಚೋಕ್ ಬಿಗಿಯಾಗಿರಬಾರದು. ಯಜಮಾನರು ಕೆಳಗಿನ ನಳಿಗೆಗೆ ಕಾಲು ಚೋಕ್, ಮೇಲಿನದಕ್ಕೆ ಅರೆ ಚೋಕ್ ತಿರುಗಿಸಿದರು. ಎರಡರ ನಡುವಿನ ವ್ಯತ್ಯಾಸ ಕಾಲು ಮಿಲಿಮೀಟರ್, ಅಷ್ಟೇ.

ಹೊರಗೆ ಬಂದೆವು. ಕ್ಲೇ ಎನ್ನುತ್ತಾರೆಯೇ ಹೊರತು ಅದರಲ್ಲಿ ಜೇಡಿಮಣ್ಣಿಲ್ಲ. ಡಾಂಬರಿನಂಥ ಅಂಟಿಗೆ ಸುಣ್ಣಕಲ್ಲಿನ ಪುಡಿ ಸೇರಿಸಿ ಒತ್ತಿದ ಬಿಲ್ಲೆ. 110 ಮಿಲಿಮೀಟರ್ ಅಗಲ, 105 ಗ್ರಾಂ ತೂಕ. ಕೈಯಲ್ಲಿ ಹಿಡಿದರೆ ಪುಟ್ಟ ತಟ್ಟೆ. ಕಿವಿ ಮುಚ್ಚಿದೆ, ಎರಡು ತೋಟೆ ತುಂಬಿದೆ.

"ಪುಲ್!"

ಕಿತ್ತಳೆ ಬಿಲ್ಲೆ ಎಡದಿಂದ ಚಿಮ್ಮಿತು. ಢಂ. ಅದು ನಿಶ್ಚಿಂತೆಯಾಗಿ ಹೋಗಿ ಹುಲ್ಲಿನಲ್ಲಿ ಕೂತಿತು. ಎರಡನೆಯದೂ. ಮೂರನೆಯದೂ.

"ಮಣಿ ನೋಡುತ್ತಿದ್ದೀರಿ. ಊರಲ್ಲಿ ಏನು ಹೊಡೆಯುತ್ತಿದ್ದಿರಿ?"

"ತೆಂಗಿನಕಾಯಿ."

"ಹಾರುತ್ತಿತ್ತೆ?"

ನಗು ಬಂತು. ಕಾಯಿ ಕಾಯುತ್ತದೆ, ನಾವು ಉಸಿರು ಕಟ್ಟಿ, ಗುರಿ ತಿದ್ದಿ, ಮತ್ತೆ ತಿದ್ದಿ ಹೊಡೆಯುತ್ತೇವೆ. ಮನೆಯಲ್ಲಿ ಒಂದೇ ಕೋವಿ, ಅಣ್ಣನಿಗೂ ನನಗೂ ಅತ್ತಿಗೆಗೂ ಅದೇ. ಕುತ್ತಿಗೆ ಬಗ್ಗಿಸಿ, ಭುಜ ಎತ್ತಿ, ಮೈಯನ್ನೇ ಕೋವಿಗೆ ಹೊಂದಿಸಿಕೊಳ್ಳುತ್ತೇವೆ. ಬಿಲ್ಲೆ ಅಷ್ಟು ಹೊತ್ತು ಕೊಡುವುದಿಲ್ಲ.

"ಕೋವಿ ಎಲ್ಲಿದೆ ಅಂತ ಒಳಗೆ ನೋಡಿಯಾಯಿತು. ಇನ್ನು ಅದನ್ನು ಮರೆತುಬಿಡಿ."

"ಪುಲ್!"

ಈ ಸಲ ಬಿಲ್ಲೆಯ ಮುಂದಿನ ಅಂಚನ್ನಷ್ಟೇ ನೋಡಿದೆ. ಕೆನ್ನೆಗೆ ಮರ ತಾನಾಗಿ ಬಂತು. ಕೆಳಗಿನ ನಳಿಗೆ ಮೊದಲು ಹೊಡೆಯುವುದೇಕೆಂದು ಆಗ ಭುಜಕ್ಕೆ ತಿಳಿಯಿತು: ತಗ್ಗಿನಲ್ಲಿರುವುದರಿಂದ ಒದೆತ ನೇರ ಹಿಂದಕ್ಕೆ ಬರುತ್ತದೆ, ಮೂತಿ ಅಷ್ಟಾಗಿ ಏಳುವುದಿಲ್ಲ, ಎರಡನೆಯ ಈಡಿಗೆ ಕಣ್ಣು ತಪ್ಪುವುದಿಲ್ಲ. ಎರಡನೆಯದು ಬೇಕಾಗಲೇ ಇಲ್ಲ. ಆಕಾಶದಲ್ಲಿ ಕಪ್ಪು ಹೊಗೆಯ ಒಂದು ಚುಕ್ಕೆ, ಆಮೇಲೆ ಹುಲ್ಲಿನ ಮೇಲೆ ಚೂರುಗಳ ಮಳೆ.

ಅಂಗಡಿಯಲ್ಲಿ ಯಜಮಾನರು ನನ್ನ ಸರ್ಟಿಫಿಕೇಟಿನ ಮೇಲೆ ಕೋವಿಯ ನಂಬರು ದಪ್ಪಕ್ಷರದಲ್ಲಿ ಬರೆಯುತ್ತಿದ್ದಾರೆ. ನಾನು ಲಿಲಿ ಮುದ್ರೆಗೆ ಭೂತಗನ್ನಡಿ ಹಿಡಿದು, ಫೋಟೊ ತೆಗೆದು ಅಣ್ಣನಿಗೆ ಕಳಿಸಿದೆ. ಕೋವಿ ಎಷ್ಟಾಯಿತು, ಯಾವ ಕಂಪನಿ ಎಂದು ಕೇಳುತ್ತಾನೆ ಎಂದುಕೊಂಡಿದ್ದೆ.

ಉತ್ತರ ಒಂದೇ ಸಾಲು: "ಅಲ್ಲೂ ತೋಕ್‌ಪೂ ಬಿಡ್ತದಾ?"