ಟ್ರಾನ್ಸ್‌ಕೈನ ಪ್ರಧಾನಿ

ಪ್ರಥಮ ಮಹಿಳೆಯರ ಪಟ್ಟಿಗಳನ್ನು ಬಾಯಿಪಾಠ ಮಾಡಿದ ನನ್ನ ಶಿಷ್ಯರಿಗೂ ಸ್ಟೆಲ್ಲಾ ಸಿಗ್ಕಾವ್ ಅಪರಿಚಿತರಿರಬಹುದು. 1987ರ ಅಕ್ಟೋಬರಿನಲ್ಲಿ ಆಕೆ ಟ್ರಾನ್ಸ್‌ಕೈನ ಪ್ರಧಾನಮಂತ್ರಿಯಾದರು. ಡಿಸೆಂಬರ್ 30ರಂದು ಸೇನಾಧಿಕಾರಿ ಬಂಟು ಹೊಲೊಮಿಸಾ ಆಕೆಯನ್ನು ಪದಚ್ಯುತಗೊಳಿಸಿದರು. ಮೂರು ತಿಂಗಳೂ ತುಂಬಿರಲಿಲ್ಲ.

ಆ ದೇಶವಾದರೂ ಎಂಥದು? ಕಪ್ಪು ಜನರ ಪೌರತ್ವವನ್ನು ಕಸಿಯಲೆಂದೇ ದಕ್ಷಿಣ ಆಫ್ರಿಕದ ಬಿಳಿಯರ ಸರಕಾರ ಗಡಿ ಕೊರೆದುಕೊಟ್ಟ ‘ಹೋಮ್‌ಲ್ಯಾಂಡ್’ಗಳಲ್ಲೊಂದು. 1976ರಲ್ಲಿ ಅದಕ್ಕೆ ‘ಸ್ವಾತಂತ್ರ್ಯ’ ಘೋಷಿಸಿದಾಗ ವಿಶ್ವಸಂಸ್ಥೆ ತಿರಸ್ಕರಿಸಿತು. ಮೊದಲ ಅಧ್ಯಕ್ಷರು ಆಕೆಯ ತಂದೆ, ಪೊಂಡೊ ಜನರ ಅರಸ ಬೋಥಾ ಸಿಗ್ಕಾವ್. ಈ ಅರಸ ಒಪ್ಪಿಕೊಂಡ ವ್ಯವಸ್ಥೆಯ ವಿರುದ್ಧ ಬಂಡೆದ್ದ ರೈತರ ಮೇಲೆ 1960ರಲ್ಲಿ ಪೊಲೀಸರು ಗುಂಡು ಹಾರಿಸಿದ್ದರು. ಫೋರ್ಟ್ ಹೇರ್‌ನಲ್ಲಿ ಓದಿದ ಮಗಳು 1968ರಲ್ಲಿ ಅದೇ ವ್ಯವಸ್ಥೆಯ ಶಾಸನಸಭೆ ಪ್ರವೇಶಿಸಿದರು. ಹೆಣ್ಣಿಗೆ ತೆರೆದ ಬಾಗಿಲೆಂದು ಮೆಚ್ಚಬೇಕೆನಿಸುತ್ತದೆ. ಆದರೆ ಬಾಗಿಲು ಯಾರ ಮನೆಯದೆಂಬುದನ್ನು ನಾನು ಮರೆಯಲಾರೆ. (ಅರಸನ ಮಗಳಲ್ಲದ ಹೆಣ್ಣಿಗೆ ಅದು ತೆರೆಯುತ್ತಿತ್ತೇ?)

ಮುಂದಿನದು ಇನ್ನೂ ವಿಚಿತ್ರ. ಟ್ರಾನ್ಸ್‌ಕೈಗೆ ಮನ್ನಣೆ ನೀಡಿ ಅಲ್ಲಿ ನೆಲೆಸುವುದಾದರೆ ಶಿಕ್ಷೆ ಕಡಿಮೆ ಮಾಡುವೆವೆಂಬ ಆಮಿಷವನ್ನು ಸೆರೆಯಲ್ಲೇ ಧಿಕ್ಕರಿಸಿದ್ದವರು ನೆಲ್ಸನ್ ಮಂಡೇಲಾ. ಅವರೇ 1994ರಲ್ಲಿ ಆ ಟ್ರಾನ್ಸ್‌ಕೈನ ಮಾಜಿ ಪ್ರಧಾನಿಯನ್ನು ತಮ್ಮ ಸಂಪುಟಕ್ಕೆ ಸೇರಿಸಿಕೊಂಡರು! ಒಡೆದ ನಾಡನ್ನು ಕೂಡಿಸುವವನಿಗೆ ಅರಸುಮನೆತನಗಳೂ ಬೇಕಾಗಿದ್ದವೆಂದು ನನ್ನ ಊಹೆ. ಟ್ರಾನ್ಸ್‌ಕೈ ಕಾಲದ ಲಂಚದ ಹಣದಲ್ಲಿ ಆಕೆಗೂ ಪಾಲು ಸಿಕ್ಕಿತ್ತೆಂದು 1996ರಲ್ಲಿ ಸತ್ಯಶೋಧನಾ ಆಯೋಗದ ಮುಂದೆ ಹೇಳಿದವರು ಅದೇ ಹೊಲೊಮಿಸಾ. ಪಕ್ಷದಿಂದ ಹೊರಬಿದ್ದವರೂ ಅವರೇ. ಆಕೆ 2006ರ ಮೇ ತಿಂಗಳಲ್ಲಿ ತೀರಿಕೊಳ್ಳುವವರೆಗೂ ಮಂತ್ರಿಯಾಗಿದ್ದರು.