ಮರೆಸಿಬಿಟ್ರೆ ಮುಗೀತಾ?

ಅಕ್ಕನ ಮಗಳು ಸೆಕೆಂಡ್ ಪಿಯುಸಿ, ಸೈನ್ಸ್. ಮೊನ್ನೆ ರಾತ್ರಿ ಫೋನ್ ಮಾಡಿ "ಮಾವ, ಟ್ರಿಸ್‌ನ ಸಾಯಿಸ್ಬಿಟ್ರು" ಅಂತ ಅತ್ಲು. ಓದ್ತಿದ್ದದ್ದು ವೆರೋನಿಕಾ ರಾತ್ ಬರೆದ 'ಡೈವರ್ಜೆಂಟ್' ಸರಣಿ. 2011ರಿಂದ 2013ರವರೆಗೆ ಬಂದ ಮೂರು ಕಾದಂಬರಿ. ಓದು ಅಂತ ಕೊಟ್ಟವನು ನಾನೇ. (ಕೊನೆ ಹೇಳ್ತಿದೀನಿ, ಓದದವರು ಕ್ಷಮಿಸಿ.)

ಯಾಕೆ ಕೊಟ್ಟೆ? ಮುಂದೆಂದೋ ಒಂದು ಕಾಲದ ಚಿಕಾಗೋ. ಜನರೆಲ್ಲ ಐದು ಪಂಗಡ. ಯಾವುದಕ್ಕೂ ಸೇರದವರು ಊರ ಕಸ ಎತ್ತಬೇಕು, ಬಸ್ ಓಡಿಸಬೇಕು. ಕೂಲಿ ಅಂದ್ರೆ ಊಟ, ಬಟ್ಟೆ ಅಷ್ಟೇ. ನಮ್ಮಪ್ಪ ಪೌರಕಾರ್ಮಿಕ. ಆ ಪುಟ ಓದಿ ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಟ್ಟಿದ್ದೆ.

ಮೂರನೇ ಪುಸ್ತಕದಲ್ಲಿ ಗುಟ್ಟು ಬಿಚ್ಚುತ್ತೆ. ಆ ಊರೇ ಒಂದು ಪ್ರಯೋಗ. ಹೊರಗಿನ ಅಧಿಕಾರಿಗಳ ಲೆಕ್ಕದಲ್ಲಿ ಕೆಲವರ ಜೀನ್ 'ಶುದ್ಧ', ಉಳಿದವರದ್ದು 'ಕೆಟ್ಟದ್ದು'. ಶುದ್ಧ-ಅಶುದ್ಧ! ಇದನ್ನ ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಸರಿ, ಈಗ ಬುಡಕ್ಕೇ ಕೈ ಹಾಕ್ತಾರೆ ಅನ್ಕೊಂಡೆ.

ಹಾಕಿದ್ದು ಅರ್ಧ. ಮನುಷ್ಯನನ್ನ ಜೀನ್‌ನಿಂದ ಅಳೀಬಾರದು ಅಂತ ಟ್ರಿಸ್ ಹೇಳ್ತಾಳೆ, ಅಧಿಕಾರಿಗಳ ಇತಿಹಾಸ ಸುಳ್ಳು ಅಂತಾನೂ ಗೊತ್ತಾಗುತ್ತೆ. ಒಪ್ತೀನಿ. ಆದ್ರೆ ಬಂಡಾಯ ಏಳೋ 'ಕೆಟ್ಟ ಜೀನಿನ' ನೀಟಾ ಸುಳ್ಳುಗಾತಿ ಆಗ್ತಾಳೆ. ಅವಳನ್ನ ತಡೆಯೋಳು ಶುದ್ಧ ಜೀನಿನ ನಾಯಕಿ. ಇತ್ತ ಪಂಗಡ ಇಲ್ಲದವರ ದಂಗೆ, ನಾಯಕಿ ಎವೆಲಿನ್ ಮತ್ತು ಅವಳ ಮಗನ ರಾಜಿಯಲ್ಲಿ ಕರಗಿಹೋಗುತ್ತೆ.

ಆಮೇಲೆ ಪರಿಹಾರ ನೋಡಿ. ಅಧಿಕಾರಿಗಳ ಮೇಲೆ ನೆನಪು ಅಳಿಸೋ ಔಷಧಿ ಬಿಡ್ತಾರೆ. ತಿರಸ್ಕಾರಾನೂ ಮರ್ತುಹೋಗುತ್ತೆ! ಅದಕ್ಕಾಗಿ ಟ್ರಿಸ್ ಪ್ರಾಣ ಕೊಡ್ತಾಳೆ. ಆ ಸಾವಿನ ಬಗ್ಗೆ ನನ್ನ ತಕರಾರಿಲ್ಲ. ಹುಡುಗಿಯ ಕಣ್ಣೀರು ಸುಳ್ಳಲ್ಲ. ತಕರಾರು ಇರೋದು ಆ ಔಷಧಿ ಬಗ್ಗೆ.

ತುಳಿದವರು ಮರೆತರೆ ನ್ಯಾಯ ಸಿಗುತ್ತಾ? ನಮ್ಮಲ್ಲಿ ಅವರು ಆಗಲೇ ಮರೆತಿದ್ದಾರೆ. "ಈಗೆಲ್ಲಿದೆ ಜಾತಿ?" ಅನ್ನೋರೆಲ್ಲ ಆ ಔಷಧಿ ಕುಡಿದವರೇ. ಜಮೀನು ಮಾತ್ರ ಅವರ ಹೆಸರಲ್ಲೇ ಇದೆ, ಮ್ಯಾನ್‌ಹೋಲ್‌ಗೆ ಇಳಿಯೋರು ನಾವೇ. ಬಾಬಾಸಾಹೇಬರು 1927ರಲ್ಲಿ ಮಹಾಡ್‌ನ ಕೆರೆಗೆ ಹೋಗಿದ್ದು ಎಲ್ಲರೂ ಮರೀಲಿ ಅಂತ ಕಾದಲ್ಲ. ಎಲ್ಲರ ಕಣ್ಣೆದುರೇ ನೀರು ಕುಡಿದರು. ಜಾತಿ ಮನಸ್ಸಿನಲ್ಲಿದೆ ಅಂತ ಅವರೂ ಹೇಳಿದ್ರು. ಅಲ್ಲಿಗೇ ನಿಲ್ಲಿಸದೆ, ಅದನ್ನ ಕಾಯೋ ಶಾಸ್ತ್ರಗಳ ಅಧಿಕಾರ ಮುರೀಬೇಕು ಅಂದ್ರು.

ಫೋನ್ ಇಡೋ ಮುಂಚೆ ಹುಡುಗಿ ಮೆಲ್ಲಗೆ ಕೇಳಿದ್ಲು: "ಕಾಲೇಜಲ್ಲಿ ಮೆರಿಟ್ ಮೆರಿಟ್ ಅಂತಾರಲ್ಲ ಮಾವ, ಅದೂ ಇದೇನಾ? ನಮ್ದು ಕೆಟ್ಟ ಜೀನ್ ಅಂತಾನಾ?"

ಒಂದು ನಿಮಿಷ ಮಾತು ಹೊರಡಲಿಲ್ಲ. "ಹೂಂ ಕಣವ್ವ, ಅದೇ. ಅವರು ಹೇಳ್ತಾರೆ ಅಂತ ನೀನು ನಂಬಬೇಡ. ಆದ್ರೆ ಹೇಳಿದ್ದನ್ನ ಮರೀಲೂಬೇಡ" ಅಂದೆ.

ಇಂಥ ಮಕ್ಕಳ ಕೈಗೆ ಕೊಡೋಕೆ ನಿಮ್ಮತ್ರ ಒಳ್ಳೆ ಪುಸ್ತಕ ಇದ್ರೆ ತಿಳಿಸಿ, ಗೆಳೆಯರೇ.

ಜೈ ಭೀಮ್.