ಹೊರೆಯ ಮಿತಿ

ಕಾಯಕ ಮತ್ತು ದಾಸೋಹಗಳು ಶರಣಧರ್ಮದ ಎರಡು ಕಣ್ಣುಗಳೆಂಬುದು ಸರ್ವವಿದಿತ. ದುಡಿದುದನ್ನು ಹಂಚಬೇಕಾದರೆ ಅದನ್ನು ಹೊರುವ ಸಾಧನವೂ ಬೇಕಷ್ಟೆ. ನಮ್ಮ ಕೋಲಾರ ಸೀಮೆಯ ಹೊರೆಯನ್ನು ಹೊತ್ತ ಸಣ್ಣ ಗಾಡಿಗಳ ವಿಚಾರವಾಗಿ ಸದ್ಭಕ್ತರೊಡನೆ ನಾಲ್ಕು ಮಾತು ಹಂಚಿಕೊಳ್ಳುವ ಆಸೆ ನನ್ನದು.

ನಾನು ಮಠದಲ್ಲಿ ಓದುತ್ತಿದ್ದ ಕಾಲಕ್ಕೆ ದಾಸೋಹದ ರಾಗಿ, ಹುರುಳಿಗಳು ಎತ್ತಿನ ಗಾಡಿಯಲ್ಲಿ ಬರುತ್ತಿದ್ದವು. ಎತ್ತು ಬಳಲಿ ನಿಂತರೆ ಒಡೆಯನು ತಾನೇ ಹೊರೆ ಇಳಿಸುತ್ತಿದ್ದನು. ಅನಂತರದ ಪೀಳಿಗೆ ಟೆಂಪೊವಿನದು. ಜರ್ಮನಿಯ ಸಂಸ್ಥೆಯೊಂದರ ಸಹಯೋಗದಿಂದ 1958ರಲ್ಲಿ ಆರಂಭವಾದ ಬಜಾಜ್ ಟೆಂಪೊ ಸಂಸ್ಥೆಯು ಮೊದಲು ಮೂರು ಗಾಲಿಯ ಗಾಡಿಯನ್ನೂ ಬಳಿಕ ಮೆಟಡೋರನ್ನೂ ತಯಾರಿಸಿತು. 1986ರಲ್ಲಿ ಟಾಟಾ 407 ಬಂದಿತು. 2005ರಲ್ಲಿ ಹಳೆಯ ಸಂಸ್ಥೆಯು ಫೋರ್ಸ್ ಮೋಟಾರ್ಸ್ ಎಂಬ ಹೆಸರು ತಾಳಿತಾದರೂ, ನಮ್ಮ ಜನರ ನಾಲಗೆಯ ಮೇಲೆ ಟೆಂಪೊ ಎಂಬ ಹೆಸರೇ ನಿಂತಿತು. ಅದೇ ವರ್ಷ ಟಾಟಾ ಏಸ್ ಕಾಣಿಸಿಕೊಂಡಿತು. ಎರಡು ಸಿಲಿಂಡರಿನ ಡೀಸೆಲ್ ಯಂತ್ರ, ನಾಲ್ಕು ಗಾಲಿ. ಒಂದು ಟನ್ನಿಗೂ ಕಡಿಮೆ ಹೊರೆಯ ಈ ಗಾಡಿ ಊರೊಳಗಿನ ಇಕ್ಕಟ್ಟಾದ ಓಣಿಗೂ ಹೊಂದಿತು.

ಇದರಿಂದ ಸಣ್ಣ ರೈತನಿಗಾದ ಉಪಕಾರ ಅಲ್ಪವಲ್ಲ. ಮುಳಬಾಗಿಲಿನ ಟೊಮೆಟೊ ಕೋಲಾರದ ಮಂಡಿಗೆ, ಮಾಲೂರಿನ ತರಕಾರಿ ಬೆಂಗಳೂರಿಗೆ, ಶ್ರೀನಿವಾಸಪುರದ ಮಾವು ಮಾರುಕಟ್ಟೆಗೆ ಬಾಡುವ ಮುನ್ನವೇ ತಲುಪುವಂತಾಯಿತು. ದೊಡ್ಡ ಲಾರಿ ತುಂಬುವವರೆಗೆ ಕಾಯುವ ಕಷ್ಟ ತಪ್ಪಿತು. ಎಷ್ಟೋ ತರುಣರು ಸಾಲ ಮಾಡಿ ಗಾಡಿ ಕೊಂಡು ಸ್ವಂತ ಕಾಯಕ ಕಂಡುಕೊಂಡರು.

ಆದರೆ ಸಾಲದ ಕಂತು ಎತ್ತಿನಂತೆ ಬಳಲುವುದಿಲ್ಲ. ಕೆಲವು ವರ್ಷಗಳ ಹಿಂದೆ ಮಾವಿನ ಸುಗ್ಗಿಯಲ್ಲಿ ನನ್ನ ತಂಗಿಯ ಮಗನ ಗಾಡಿಯಲ್ಲಿ ಶ್ರೀನಿವಾಸಪುರದಿಂದ ಹೊರಟಿದ್ದೆ. ಹಣ್ಣಿನ ಹೊರೆ ಮಿತಿ ಮೀರಿತ್ತು. “ಈ ತಿಂಗಳ ಕಂತು ಕಟ್ಟಬೇಕಲ್ಲ ಮಾವ” ಎಂದನು. ನಾನು ತಡೆಯಲಿಲ್ಲ, ದಾಸೋಹಕ್ಕೆಂದು ಎರಡು ಮೂಟೆ ಅಕ್ಕಿಯನ್ನೂ ಅದರ ಮೇಲೆಯೇ ಹಾಕಿಸಿದೆ. ದಾರಿಯ ತಿರುವಿನಲ್ಲಿ ಟೈರು ಸಿಡಿದು ಗಾಡಿ ಮಗುಚಿತು. ನನಗೆ ತರಚಿದ ಗಾಯವಷ್ಟೆ. ಹುಡುಗನ ಬಲಗೈ ಮುರಿಯಿತು. ಮೂರು ತಿಂಗಳು ಅವನ ಕಾಯಕ ನಿಂತಿತು, ಕಂತು ನಿಲ್ಲಲಿಲ್ಲ.

ಪ್ರತಿದಿನಕ್ಕಿಂತ ಹೆಚ್ಚು ಅಕ್ಕಿ ತಂದ ಪತಿ ಮಾರಯ್ಯನನ್ನು, ಹೆಚ್ಚಿನದನ್ನು ಮರಳಿ ಸುರಿದು ಬಾರೆಂದು ಕಳುಹಿಸಿದವಳು ಆಯ್ದಕ್ಕಿ ಲಕ್ಕಮ್ಮ. ಈ ಕಥೆಯನ್ನು ಎಷ್ಟು ವೇದಿಕೆಗಳಲ್ಲಿ ಹೇಳಿದ್ದೆನೋ! ಹೇಳಬೇಕಾದ ಒಂದು ದಿನ ಮಾತ್ರ ಮೌನವಾಗಿದ್ದೆ. ದಾಸೋಹದ ಅಕ್ಕಿಯಾದರೂ ಮಿತಿ ಮೀರಿದರೆ ಹೊರೆಯೇ ಎಂಬುದನ್ನು ಆ ಹುಡುಗನ ಕೈ ನನಗೆ ಕಲಿಸಿತು.

2022ರಲ್ಲಿ ಅದೇ ಏಸ್ ವಿದ್ಯುತ್ತಿನಿಂದ ಓಡುವ ರೂಪದಲ್ಲಿಯೂ ಬಂದಿತು. ಯಂತ್ರ ಪೀಳಿಗೆಯಿಂದ ಪೀಳಿಗೆಗೆ ಬದಲಾಗಲಿ. ಬಳಲಿದೆನೆಂದು ಎತ್ತು ಹೇಳುತ್ತಿದ್ದುದನ್ನು ಈಗ ಮನೆಯ ಹಿರಿಯರೇ ಹೇಳಬೇಕಾಗಿದೆ. ನಿಮ್ಮ ಮನೆಯ ಗಾಡಿ ನಾಳೆ ಹೊರಡುವಾಗ ಒಮ್ಮೆ ಹೊರೆಯತ್ತ ನೋಡಿರಿ. ಅಧಿಕವಾಗಿದ್ದರೆ ಇಳಿಸಲು ಹೇಳಲು ಸಂಕೋಚಪಡಬೇಡಿರಿ.